ಕರಸ್ಥಲದ ನಾಡಿನಲ್ಲಿ: ಶಿಕಾರಿಪುರ–ಸೊರಬದ ಹಾದಿ ಮತ್ತು ಕೈಯ ಆರೈಕೆ

ಶಿವಮೊಗ್ಗೆಯಿಂದ ವಾಯವ್ಯ ದಿಕ್ಕಿಗೆ ಸುಮಾರು 50 ಕಿಲೋಮೀಟರ್ ಕ್ರಮಿಸಿದರೆ ಶಿಕಾರಿಪುರ. ಅಲ್ಲಿಂದ ಶಿರಾಳಕೊಪ್ಪದ ಮಾರ್ಗವಾಗಿ ಮುಂದೆ ಸಾಗಿದರೆ ಸೊರಬ. ಮೆಕ್ಕೆಜೋಳದ ಹೊಲಗಳು ಹಿಂದೆ ಸರಿದು, ಕೆರೆಯ ಕೆಳಗಿನ ಭತ್ತದ ಗದ್ದೆಗಳು ಕಾಣಿಸಿಕೊಂಡು, ಕೊನೆಗೆ ಅಡಿಕೆ ತೋಟಗಳ ತಂಪು ಮೈಗೆ ತಾಗುವ ಈ ಹಾದಿ ಶರಣಬಂಧುಗಳಿಗೆ ಯಾತ್ರಾಮಾರ್ಗವೂ ಹೌದು. ಅಕ್ಕಮಹಾದೇವಿಯ ಜನ್ಮಭೂಮಿಯೆಂದು ಪೂಜ್ಯವಾದ ಉಡುತಡಿ, ಅಲ್ಲಮಪ್ರಭುಗಳ ಊರೆಂದು ಪ್ರಸಿದ್ಧವಾದ ಬಳ್ಳಿಗಾವಿ ಎರಡೂ ಶಿಕಾರಿಪುರ ತಾಲ್ಲೂಕಿನವೇ. ಆದರೆ ಈ ನೆಲವನ್ನು ಕೇವಲ ದರ್ಶನ ಮುಗಿಸಿ ಮರಳುವ ಕ್ಷೇತ್ರವಾಗಿ ನೋಡಿದರೆ ಸಾಲದು. ಇದು ಕೈಯ ಮಹಿಮೆಯನ್ನು ಹೇಳುವ ನಾಡು. ಕೈಯ ಕಷ್ಟವನ್ನು ನೆನಪಿಸುವ ನಾಡು ಕೂಡ.

ಅಲ್ಲಮಪ್ರಭುಗಳು ಮದ್ದಳೆ ನುಡಿಸುವ ಕಲಾವಿದರಾಗಿದ್ದರೆಂದು ಹರಿಹರ ಕವಿಯು ಪ್ರಭುದೇವರ ರಗಳೆಯಲ್ಲಿ ಚಿತ್ರಿಸಿದ್ದಾನೆ. ಮುಂದೆ ಅವರು ನೆಲದೊಳಗಣ ಗುಡಿಯಲ್ಲಿ ಅನಿಮಿಷಯೋಗಿಯನ್ನು ಕಂಡು, ಆತನ ಕರಸ್ಥಲದಲ್ಲಿದ್ದ ಲಿಂಗವನ್ನು ಪಡೆದರೆಂಬ ಕಥೆ ನಮ್ಮ ಮನೆಮನೆಗಳಲ್ಲಿ ಪರಿಚಿತ. ಮದ್ದಳೆಯ ಮೇಲೆ ಆಡಿದ ಕೈಯೇ ಲಿಂಗಕ್ಕೆ ಪೀಠವಾಯಿತು! ಇದೇ ಬಳ್ಳಿಗಾವಿಯ ಶಿಲ್ಪಿ ದಾಸೋಜ ಮತ್ತು ಅವನ ಮಗ ಚಾವಣ ಬೇಲೂರಿಗೆ ತೆರಳಿ, 1117ರಲ್ಲಿ ಪ್ರತಿಷ್ಠಾಪಿತವಾದ ಚೆನ್ನಕೇಶವ ದೇವಾಲಯದ ಮದನಿಕೆಯರನ್ನು ಕಡೆದರು. ಆ ಶಿಲ್ಪಗಳ ಪಾದಪೀಠಗಳಲ್ಲಿ ಅವರ ಹೆಸರುಗಳು ಇಂದಿಗೂ ಉಳಿದಿವೆ.

ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯದ ಮುಂದೆ ನಿಂತಾಗ ಮತ್ತೊಂದು ಸಂಗತಿಯನ್ನು ಸ್ಮರಿಸಬೇಕು. ಈ ದೇವಾಲಯಕ್ಕೆ ಸೇರಿದ್ದ ಕಾಳಾಮುಖ ಸಂಪ್ರದಾಯದ ಕೋಡಿಯಮಠವನ್ನು 1162ರ ಶಾಸನವೊಂದು ವರ್ಣಿಸುತ್ತದೆ. ವೇದ, ವ್ಯಾಕರಣ, ದರ್ಶನಗಳ ಅಧ್ಯಯನ ಅಲ್ಲಿ ನಡೆಯುತ್ತಿತ್ತು. ಅಷ್ಟೇ ಅಲ್ಲ, ದೀನರಿಗೂ ಅಂಗವಿಕಲರಿಗೂ ಅನ್ನ ದೊರೆಯುತ್ತಿತ್ತು, ಅನಾಥರಾದ ರೋಗಿಗಳಿಗೆ ಔಷಧೋಪಚಾರ ಸಲ್ಲುತ್ತಿತ್ತು. ವಿದ್ಯೆ, ಅನ್ನ, ಔಷಧ ಮೂರೂ ಒಂದೇ ಸೂರಿನಡಿ ಇದ್ದ ಆ ಕಾಲವನ್ನು ನೆನೆದರೆ, ರೋಗಿಯ ಆರೈಕೆ ಧರ್ಮದ ಹೊರಗಿನ ಕೆಲಸವಲ್ಲವೆಂಬುದು ಮನದಟ್ಟಾಗುತ್ತದೆ.

ಶಿರಾಳಕೊಪ್ಪವನ್ನು ದಾಟಿ ಸೊರಬದ ಸೀಮೆಗೆ ಬಂದರೆ ದುಡಿಯುವ ಕೈಗಳ ಲೋಕವೇ ತೆರೆದುಕೊಳ್ಳುತ್ತದೆ. ಸೊರಬ ಮತ್ತು ಸಾಗರದ ಗುಡಿಗಾರರು ಶ್ರೀಗಂಧದ ಕೆತ್ತನೆಗೆ ತಲೆಮಾರುಗಳಿಂದ ಹೆಸರಾದವರು. ಬೆರಳಗಲದ ಮರದ ತುಂಡಿನಲ್ಲಿ ಬಳ್ಳಿ, ಹೂವು, ದೇವತೆಗಳನ್ನು ಅರಳಿಸುವಾಗ ಉಳಿ ಹಿಡಿದ ಮಣಿಕಟ್ಟು ಗಂಟೆಗಟ್ಟಲೆ ಬಾಗಿಯೇ ಇರುತ್ತದೆ. ಅಡಿಕೆ ಸುಗ್ಗಿಯಲ್ಲಂತೂ ಮಹಿಳೆಯರು ಮೆಟ್ಟುಗತ್ತಿಯ ಮುಂದೆ ಕುಳಿತು ಕಾಯನ್ನು ಅಲಗಿಗೆ ಒತ್ತಿ, ಕೈ ತಿರುಗಿಸಿ ಸಿಪ್ಪೆ ಬಿಡಿಸುವ ಕಾಯಕ ರಾತ್ರಿಯವರೆಗೂ ಸಾಗುತ್ತದೆ. ಸುಲಿಯುವ ಯಂತ್ರಗಳು ಬಂದಿದ್ದರೂ ಮೆಟ್ಟುಗತ್ತಿ ಮೂಲೆ ಸೇರಿಲ್ಲ. ಇದರ ಮೇಲೆ ರೊಟ್ಟಿ ತಟ್ಟುವುದು, ಹಾಲು ಕರೆಯುವುದು, ಬಟ್ಟೆ ಹಿಂಡುವುದು. ಇವೆಲ್ಲಕ್ಕೂ ಆಧಾರ ಒಂದೇ ಮಣಿಕಟ್ಟು.

ಇಂತಹ ಕೈಗಳನ್ನು ಕಾಡುವ ಒಂದು ವ್ಯಾಧಿಗೆ ವೈದ್ಯರು ಕಾರ್ಪಲ್ ಟನಲ್ ಸಿಂಡ್ರೋಮ್ ಎಂದು ಹೆಸರಿಟ್ಟಿದ್ದಾರೆ. ಮಣಿಕಟ್ಟಿನಲ್ಲಿ ಎಂಟು ಸಣ್ಣ ಮೂಳೆಗಳು ಕಮಾನಿನಂತೆ ಜೋಡಿಸಿಕೊಂಡಿವೆ. ಅವುಗಳ ಮೇಲೆ ಬಲವಾದ ತಂತುಪಟ್ಟಿಯೊಂದು ಛಾವಣಿಯಂತೆ ಹಾಸಿದೆ. ನಡುವೆ ಉಂಟಾಗುವ ಕಿರಿದಾದ ಗುಹೆಯೊಳಗೆ ಬೆರಳುಗಳನ್ನು ಮಡಿಸುವ ಒಂಬತ್ತು ಸ್ನಾಯುರಜ್ಜುಗಳೂ ಮೀಡಿಯನ್ ಎಂಬ ಒಂದು ನರವೂ ಸಾಗುತ್ತವೆ. ಒಳಗೆ ಊತವಾದರೆ ಗೋಡೆಗಳು ಹಿಗ್ಗುವುದಿಲ್ಲ, ನರವೇ ಅದುಮಿಕೊಳ್ಳುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರದ ಬೆರಳಿನ ಅರ್ಧಭಾಗ ಜೋಮು ಹಿಡಿಯುತ್ತವೆ. ಕಿರುಬೆರಳು ಸಾಮಾನ್ಯವಾಗಿ ಪಾರಾಗುತ್ತದೆ. ನಡುರಾತ್ರಿ ಎಚ್ಚರವಾಗಿ ಕೈ ಕೊಡವಿಕೊಂಡರೆ ಸ್ವಲ್ಪ ಹಿತವೆನಿಸುವುದು ಇದರ ಮುಖ್ಯ ಕುರುಹು. ಪುರುಷರಿಗಿಂತ ಮಹಿಳೆಯರಲ್ಲಿ ಇದು ಹೆಚ್ಚು. ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ, ಸಂಧಿವಾತ, ಬೊಜ್ಜು ಇದಕ್ಕೆ ಹಾದಿಮಾಡಿಕೊಡುತ್ತವೆ. ಗರ್ಭಿಣಿಯರಲ್ಲಿ ಕಾಣಿಸಿಕೊಂಡರೆ ಬಹುತೇಕ ಹೆರಿಗೆಯ ನಂತರ ತಗ್ಗುತ್ತದೆ.

ನಮ್ಮ ಮನೆಗಳಲ್ಲಿ ತಾಯಂದಿರು ಇದನ್ನು ವಾಯುವೆಂದೋ ವಯಸ್ಸೆಂದೋ ಬದಿಗಿರಿಸಿ ಬಿಡುತ್ತಾರೆ. ಕೈಯಿಂದ ಲೋಟ ಜಾರಿದಾಗ, ಸೂಜಿಗೆ ದಾರ ಪೋಣಿಸಲಾಗದಾಗ, ಪೂಜೆಯ ವೇಳೆ ಅಂಗೈಯಲ್ಲಿರುವ ಇಷ್ಟಲಿಂಗದ ಸ್ಪರ್ಶವೇ ಮಂಕಾದಾಗ ಮಾತ್ರ ಕಳವಳ ಹುಟ್ಟುತ್ತದೆ. ಅಷ್ಟರಲ್ಲಿ ತಡವಾಗಿರಬಹುದು. ಹೆಬ್ಬೆರಳ ಬುಡದ ಮಾಂಸದ ದಿಂಡು ಒಮ್ಮೆ ಪೂರ್ತಿ ಕರಗಿತೆಂದರೆ ಅದು ಮೊದಲಿನಂತಾಗುವುದು ಕಷ್ಟ.

ಆರಂಭದಲ್ಲಿಯೇ ಎಚ್ಚೆತ್ತವರಿಗೆ ಸರಳವಾದ ಉಪಾಯಗಳಿವೆ. ಮಲಗುವಾಗ ಮಣಿಕಟ್ಟನ್ನು ನೇರವಾಗಿಡುವ ಪಟ್ಟಿಯನ್ನು ಕಟ್ಟುವುದು ಮೊದಲನೆಯದು. ಎರಡನೆಯದು ಹಸ್ತಚಿಕಿತ್ಸೆ, ಅಂದರೆ ತರಬೇತಿ ಪಡೆದ ಫಿಜಿಯೋಥೆರಪಿಸ್ಟ್ ತಮ್ಮ ಕೈಗಳಿಂದಲೇ ಮಾಡುವ ಉಪಚಾರ. ಅವರು ಮಣಿಕಟ್ಟಿನ ಸಣ್ಣ ಮೂಳೆಗಳನ್ನು ಒಂದರ ಮೇಲೊಂದು ಮೃದುವಾಗಿ ಸರಿದಾಡಿಸುತ್ತಾರೆ. ಅಂಗೈ ಮತ್ತು ಮುಂಗೈಯ ಬಿಗಿತವನ್ನು ಸಡಿಲಿಸುತ್ತಾರೆ. ಕುತ್ತಿಗೆ, ಮೊಣಕೈ, ಮಣಿಕಟ್ಟು, ಬೆರಳುಗಳನ್ನು ಕ್ರಮವಾಗಿ ಚಾಚಿಸಿ ಮಡಿಸಿ, ನರವು ತನ್ನ ಹಾದಿಯಲ್ಲಿ ತಡೆಯಿಲ್ಲದೆ ಜಾರುವಂತೆ ಮಾಡುತ್ತಾರೆ. ಸ್ಪೇನ್ ದೇಶದಲ್ಲಿ 120 ಮಹಿಳೆಯರನ್ನು ಒಳಗೊಂಡು 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹಸ್ತಚಿಕಿತ್ಸೆಯನ್ನು ಶಸ್ತ್ರಚಿಕಿತ್ಸೆಯೊಡನೆ ಹೋಲಿಸಿ ನೋಡಲಾಯಿತು. ಮೊದಲ ಮೂರು ತಿಂಗಳಲ್ಲಿ ಹಸ್ತಚಿಕಿತ್ಸೆ ಪಡೆದವರೇ ಹೆಚ್ಚು ಚೇತರಿಸಿಕೊಂಡರು. ವರ್ಷದ ಕೊನೆಗೆ ಎರಡೂ ಗುಂಪಿನವರು ಸರಿಸಮನಾಗಿದ್ದರು. ಒಂದು ಅಧ್ಯಯನದಿಂದ ಎಲ್ಲವೂ ನಿರ್ಣಯವಾಗುವುದಿಲ್ಲ. ಆದರೂ ನೋವಿಗೆಲ್ಲ ಕತ್ತರಿಯೇ ಗತಿಯೆಂದು ಹೆದರಬೇಕಾಗಿಲ್ಲ ಎಂಬಷ್ಟು ಧೈರ್ಯವನ್ನು ಅದು ನೀಡುತ್ತದೆ.

ಆದರೆ ಕೈಯಿಂದ ಮಾಡುವುದೆಲ್ಲವೂ ಹಸ್ತಚಿಕಿತ್ಸೆಯಲ್ಲ. ಸುಶ್ರುತಸಂಹಿತೆಯು ದೇಹದ 107 ಮರ್ಮಗಳಲ್ಲಿ ಮಣಿಬಂಧವನ್ನೂ ಎಣಿಸಿ, ಅಲ್ಲಿ ಪೆಟ್ಟಾದರೆ ಕೈ ನಿಷ್ಕ್ರಿಯವಾದೀತೆಂದು ಎಚ್ಚರಿಸಿದೆ. ಬಲವಾಗಿ ತಿರುಚಿ ಲಟಕೆ ತೆಗೆಸುವುದು, ನೋವಿರುವೆಡೆ ಗಟ್ಟಿಯಾಗಿ ಒತ್ತಿಸುವುದು ಅಪಾಯ. ಸ್ಪರ್ಶ ಕಳೆದುಕೊಂಡ ಕೈಗೆ ಬಿಸಿ ಶಾಖ ಕೊಟ್ಟರೆ ಸುಟ್ಟದ್ದೂ ತಿಳಿಯದು. ಆದುದರಿಂದ ಮೊದಲು ವೈದ್ಯರಿಂದ ಪರೀಕ್ಷೆ. ಅಗತ್ಯವಿದ್ದರೆ ನರದ ಪರೀಕ್ಷೆ, ಸಕ್ಕರೆ ಮತ್ತು ಥೈರಾಯ್ಡ್ ತಪಾಸಣೆ. ಕುತ್ತಿಗೆಯ ನರದ ತೊಂದರೆಯೂ ಇದೇ ವೇಷದಲ್ಲಿ ಬರುವುದುಂಟು. ಜೋಮು ಹಗಲಿರುಳೂ ಬಿಡದಿದ್ದರೆ, ಹಿಡಿತ ಕುಂದಿದ್ದರೆ, ಹೆಬ್ಬೆರಳ ಬುಡ ಬತ್ತುತ್ತಿದ್ದರೆ ಹಸ್ತಚಿಕಿತ್ಸೆಯನ್ನು ನೆಚ್ಚಿ ಕಾಲ ಕಳೆಯಬಾರದು. ಆಗ ತಂತುಪಟ್ಟಿಯನ್ನು ಬಿಡಿಸುವ ಚಿಕ್ಕ ಶಸ್ತ್ರಚಿಕಿತ್ಸೆಯೇ ನರವನ್ನು ಉಳಿಸುವ ದಾರಿ.

ಮನೆಯಲ್ಲಿ ಪಾಲಿಸಬಹುದಾದ ನಿಯಮಗಳೂ ಇವೆ. ಅಡಿಕೆ ಸುಲಿಯುವವರು ಆಗಾಗ ಕೈಗೆ ಬಿಡುವು ಕೊಡಲಿ; ಮನೆಯವರು ಸರದಿಯಂತೆ ಕುಳಿತರೆ ಒಬ್ಬರ ಮೇಲೆಯೇ ಹೊರೆ ಬೀಳದು. ಕೆತ್ತುವವರು ತೆಳು ಹಿಡಿಯ ಉಳಿಗೆ ಬಟ್ಟೆ ಸುತ್ತಿ ದಪ್ಪಮಾಡಿಕೊಳ್ಳಲಿ. ಲಿಂಗಪೂಜೆಯ ವೇಳೆ ನೋವಿರುವವರು ಮೊಣಕೈಗೆ ದಿಂಬಿನ ಆಸರೆಯಿಟ್ಟು, ಮಣಿಕಟ್ಟನ್ನು ಹಿಂದಕ್ಕೆ ಬಾಗಿಸದೆ ನೇರವಾಗಿರಿಸಿಕೊಂಡರೆ ನಿಷ್ಠೆಗೆ ಕುಂದಿಲ್ಲ, ನರಕ್ಕೂ ಶ್ರಮವಿಲ್ಲ.

ಶರಣರು ಕಾಯಕಕ್ಕೆ ಉನ್ನತ ಸ್ಥಾನವಿತ್ತರು. ನುಲಿಯ ಚಂದಯ್ಯ ಹಗ್ಗ ಹೊಸೆದದ್ದೂ, ಜೇಡರ ದಾಸಿಮಯ್ಯ ಬಟ್ಟೆ ನೇಯ್ದದ್ದೂ ಇದೇ ಕೈಗಳಿಂದ. ಕಾಯಕವನ್ನು ಗೌರವಿಸುವ ನಾವು ಕಾಯಕ ಮಾಡುವ ಕೈಯನ್ನು ಮರೆತರೆ ಆ ಗೌರವ ಬಾಯಿಮಾತಾಗುತ್ತದೆ. ಉಡುತಡಿ, ಬಳ್ಳಿಗಾವಿಗಳ ದರ್ಶನ ಮಾಡಿ ಬಂದವರು ಮನೆಯಲ್ಲಿ ರಾತ್ರಿ ಕೈ ಕೊಡವಿಕೊಂಡು ಏಳುವ ತಾಯಿಯನ್ನೋ ಸೊಸೆಯನ್ನೋ ಒಮ್ಮೆ ವಿಚಾರಿಸಲಿ. ಸುಗ್ಗಿ ಮುಗಿಯಲೆಂದು ಕಾಯದೆ ವೈದ್ಯರಲ್ಲಿಗೆ ಕರೆದೊಯ್ಯಲಿ. ಕೋಡಿಯಮಠದಲ್ಲಿ ಅನಾಥರಿಗೂ ಸಂದ ಆರೈಕೆ ನಮ್ಮ ಮನೆಯವರಿಗೆ ಸಲ್ಲದೆ ಹೋಗಬಾರದು.