ಹಳೆಯ ಓಮ್ನಿಗೊಂದು ಪುಟ್ಟ ಆಕಾಶವಾಣಿ



ನಿಮ್ಮಲ್ಲಿ ಅನೇಕರ ಮನೆಯಂಗಳದಲ್ಲಿ ಇಪ್ಪತ್ತು ವರ್ಷಗಳನ್ನು ಪೂರೈಸಿದ ವಾಹನವೊಂದು ಇನ್ನೂ ನಿಂತಿರಬಹುದು. ಎಂಜಿನ್ ಗಟ್ಟಿಯಾಗಿದೆ, ಕಾಗದಪತ್ರಗಳು ಸರಿಯಾಗಿವೆ, ಮಾರಿದರೆ ಬರುವ ಹಣಕ್ಕೆ ಒಂದು ಒಳ್ಳೆಯ ಹಸುವೂ ಸಿಗಲಾರದು. ಹೀಗಾಗಿ ಅದು ಮನೆಯವರಲ್ಲಿ ಒಬ್ಬನಾಗಿ ಉಳಿದುಬಿಟ್ಟಿದೆ. ನಮ್ಮ ಧರ್ಮಕೇಂದ್ರದ ಗುರುನಿವಾಸದಲ್ಲಿರುವ ಮಾರುತಿ ಓಮ್ನಿಯೂ ಇದೇ ಪಂಗಡಕ್ಕೆ ಸೇರಿದ್ದು. 2005ರಲ್ಲಿ ನೋಂದಣಿಯಾದ ಅದು 2020ರಲ್ಲಿ ಒಮ್ಮೆ, 2025ರಲ್ಲಿ ಮತ್ತೊಮ್ಮೆ ಸಾರಿಗೆ ಕಚೇರಿಯ ತಪಾಸಣೆ ಮುಗಿಸಿ ಐದೈದು ವರ್ಷಗಳ ಆಯಸ್ಸನ್ನು ಪಡೆದುಕೊಂಡು ಬಂದಿದೆ. ಓಮ್ನಿಯ ತಯಾರಿಕೆಯೇ 2019ರಲ್ಲಿ ನಿಂತುಹೋದರೂ ನಮ್ಮದು ಓಡುತ್ತಲೇ ಇದೆ.

ಅದರ ಮುಂಭಾಗದಲ್ಲಿ ಒಂದು ಕ್ಯಾಸೆಟ್ ಸ್ಟೀರಿಯೋ ಇದೆ. ರೇಡಿಯೋ ಹಾಡುತ್ತದೆ, ಕ್ಯಾಸೆಟ್ ತಿರುಗುತ್ತದೆ. ಆದರೆ ಇಂದು ಹಾಡುಗಳಿರುವುದು ಫೋನಿನಲ್ಲಿ; ಫೋನಿಗೂ ಅವು ಎಲ್ಲಿಂದಲೋ ಇಂಟರ್ನೆಟ್ ಮೂಲಕ ಹರಿದುಬರುತ್ತವೆ. ಈ ಫೋನನ್ನೂ ಆ ಸ್ಟೀರಿಯೋವನ್ನೂ ತಂತಿಯಿಲ್ಲದೆ ಕೂಡಿಸುವುದು ಹೇಗೆ ಎಂಬ ಪ್ರಶ್ನೆ ಕಳೆದ ವರ್ಷ ನನಗೆ ಎದುರಾಯಿತು. ಪಾದ್ರಿಗೇಕೆ ಈ ಉಸಾಬರಿ ಎಂದು ನೀವು ಕೇಳಬಹುದು. ಕಾರಣವಿತ್ತು.

ನಮ್ಮ ಧರ್ಮಕೇಂದ್ರದ ಅಜ್ಜಿಯೊಬ್ಬರು ಮೂರು ವಾರಕ್ಕೊಮ್ಮೆ ಕೀಮೋಥೆರಪಿಗಾಗಿ ಮಂಗಳೂರಿಗೆ ಹೋಗಬೇಕಾಗಿತ್ತು. ಮಗ ಕೊಲ್ಲಿ ರಾಷ್ಟ್ರದಲ್ಲಿ, ಸೊಸೆಗೆ ಶಾಲೆಯ ಕೆಲಸ. ಜೊತೆಗೆ ಬರುತ್ತಿದ್ದವಳು ಕಾಲೇಜಿಗೆ ಹೋಗುವ ಮೊಮ್ಮಗಳು. ಕೊಟ್ಟಿಗೆಹಾರ ದಾಟಿ, ಚಾರ್ಮಾಡಿ ಘಾಟಿ ಇಳಿದು, ಉಜಿರೆ ಬೆಳ್ತಂಗಡಿ ಮಾರ್ಗವಾಗಿ ಸಾಗುವ ಪ್ರಯಾಣ. ಹುಡುಗಿಯ ಎರಡು ಕಿವಿಗಳಲ್ಲೂ ಪುಟ್ಟ ಇಯರ್‌ಬಡ್‌ಗಳು. ಅಜ್ಜಿಯ ಕಣ್ಣು ಕಿಟಕಿಯಾಚೆ. ಇಬ್ಬರ ನಡುವೆ ಒಂದು ಗೇಣಿನ ಅಂತರ, ಮಾತು ಮಾತ್ರ ಇರಲಿಲ್ಲ. ಹುಡುಗಿಗೆ ಅಜ್ಜಿಯ ಮೇಲೆ ಪ್ರೀತಿಯಿಲ್ಲವೆಂದಲ್ಲ. ಭಯವಿತ್ತು. ಆ ಭಯವನ್ನು ಅವಳು ಹಾಡಿನ ಹಿಂದೆ ಮರೆಸಿಟ್ಟಿದ್ದಳು. ಆ ಹಾಡನ್ನು ಅವಳ ಕಿವಿಯಿಂದ ಹೊರತಂದು ಗಾಡಿಗೆಲ್ಲ ಕೇಳಿಸುವಂತೆ ಮಾಡಿದರೆ ಹೇಗೆ ಎಂದು ನನಗನ್ನಿಸಿತು. ಉದ್ದೇಶ ಇಷ್ಟೇ, ಉಳಿದದ್ದೆಲ್ಲ ತಂತ್ರಜ್ಞಾನ.

ಹಿಂದೆ ಕಾರಿನಲ್ಲಿ ಒಂದೇ ಕ್ಯಾಸೆಟ್ ಇರುತ್ತಿತ್ತು, ಎಲ್ಲರೂ ಅದನ್ನೇ ಕೇಳಬೇಕಾಗಿತ್ತು. ಅಪ್ಪನಿಗೆ ಪಿ.ಬಿ. ಶ್ರೀನಿವಾಸ್, ಮಗನಿಗೆ ಹೊಸ ಚಿತ್ರದ ಗೀತೆ, ಅಮ್ಮನಿಗೆ ಭಕ್ತಿಗೀತೆ. ಜಗಳವಾಗುತ್ತಿತ್ತು. ಆ ಜಗಳದಲ್ಲಿಯೇ ಒಬ್ಬರ ಅಭಿರುಚಿ ಇನ್ನೊಬ್ಬರಿಗೆ ಅಂಟಿಕೊಳ್ಳುತ್ತಿತ್ತು. ಈಗ ಒಂದೇ ಗಾಡಿಯಲ್ಲಿ ನಾಲ್ವರು ಕುಳಿತರೆ ನಾಲ್ಕು ಲೋಕಗಳು. ಇದನ್ನು ದೂರಿ ಬರೆಯುವುದು ಸುಲಭ, ನಮ್ಮ ಪ್ರಬೋಧನೆಗಳಲ್ಲಿ ಅದು ಧಾರಾಳವಾಗಿ ನಡೆದೇ ಇದೆ. ಒಂದು ಸ್ಕ್ರೂಡ್ರೈವರ್ ಹಿಡಿದು ಪರಿಹಾರ ಹುಡುಕುವುದು ಅದಕ್ಕಿಂತ ಲೇಸೆಂದು ನನ್ನ ಅಭಿಪ್ರಾಯ.

ಪೇಟೆಯ ಆಟೋ ಎಲೆಕ್ಟ್ರಿಷಿಯನ್ ಗಾಡಿಯನ್ನು ನೋಡಿದೊಡನೆ ತೀರ್ಪು ಕೊಟ್ಟರು: "ಫಾದರ್, ಈ ಮುದುಕನನ್ನು ಕಿತ್ತು ಹೊಸ ಬ್ಲೂಟೂತ್ ಸ್ಟೀರಿಯೋ ಕೂರಿಸಿಬಿಡೋಣ. ಅರ್ಧ ಗಂಟೆಯ ಕೆಲಸ." ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಹಳೆಯ ಕಾರುಗಳ ಸ್ಟೀರಿಯೋ ಗೂಡಿಗೆ ಒಂದು ನಿಗದಿತ ಅಳತೆಯುಂಟು: ಅಗಲ ಸುಮಾರು 18 ಸೆಂಟಿಮೀಟರ್, ಎತ್ತರ 5 ಸೆಂಟಿಮೀಟರ್. ಜರ್ಮನಿಯಲ್ಲಿ ರೂಪುಗೊಂಡ ಈ ಅಳತೆಯನ್ನು ಲೋಕವೆಲ್ಲ ಒಪ್ಪಿಕೊಂಡಿರುವುದರಿಂದ ಹಳೆಯದು ಹೊರಬಂದ ಜಾಗದಲ್ಲಿ ಹೊಸದು ಕೂರುತ್ತದೆ. ಅಂಗಡಿಯಲ್ಲಿ ಸಿಗುವ ಸ್ಟೀರಿಯೋಗಳಲ್ಲಿ ಹಳದಿ ತಂತಿ ಬ್ಯಾಟರಿಯಿಂದ ಸದಾಕಾಲ ವಿದ್ಯುತ್ ತರುತ್ತದೆ, ಕೆಂಪು ತಂತಿ ಕೀಲಿ ತಿರುಗಿಸಿದಾಗ ಮಾತ್ರ, ಕಪ್ಪು ಅರ್ತಿಂಗ್. ಹಳದಿ ಕೆಂಪು ಅದಲುಬದಲಾದರೆ ಗಾಡಿ ನಿಲ್ಲಿಸಿದಾಗಲೆಲ್ಲ ಗಡಿಯಾರವೂ ನೆನಪಿನಲ್ಲಿಟ್ಟ ಸ್ಟೇಷನ್‌ಗಳೂ ಅಳಿಸಿಹೋಗುತ್ತವೆ. ನೀವು ಹೊಸ ಸ್ಟೀರಿಯೋ ಹಾಕಿಸುವುದಾದರೆ ಒಂದು ಮಾತನ್ನು ನೆನಪಿಡಿ: ಗಾಡಿಯ ಮೂಲ ತಂತಿಗಳನ್ನು ಕತ್ತರಿಸಲು ಬಿಡಬೇಡಿ, ನಡುವೆ ಜೋಡಿಸುವ ಕಪ್ಲರ್ ಕೇಳಿ ಹಾಕಿಸಿ. ಕತ್ತರಿಸಿ ಟೇಪ್ ಸುತ್ತಿದ ತಂತಿ ನಮ್ಮ ಮಲೆನಾಡಿನ ಮಳೆಗಾಲವನ್ನು ಬಹಳ ಕಾಲ ತಾಳಲಾರದು.

ಆದರೆ ಮುದುಕನನ್ನು ಕೀಳಿಸುವುದಕ್ಕೆ ನಾನು ಒಪ್ಪಲಿಲ್ಲ. ಅಜ್ಜಿಯ ಕೈಚೀಲದಲ್ಲಿ ಒಂದು ಕ್ಯಾಸೆಟ್ ಇತ್ತು. 1994ರ ಕ್ರಿಸ್ಮಸ್ ರಾತ್ರಿ ನಮ್ಮ ದೇವಾಲಯದ ಗಾನವೃಂದ ಹಾಡಿದ್ದನ್ನು ಯಾರೋ ಟೂ-ಇನ್-ಒನ್ ಇಟ್ಟು ಮುದ್ರಿಸಿಕೊಂಡದ್ದು. ಅದರಲ್ಲಿ ಅವರ ಯಜಮಾನರ ಧ್ವನಿಯಿದೆ. ಅವರು ತೀರಿಕೊಂಡಾಗ ಈ ಮೊಮ್ಮಗಳು ಇನ್ನೂ ಹುಟ್ಟಿರಲಿಲ್ಲ. ಮನೆಯ ಟೂ-ಇನ್-ಒನ್ ಎಂದೋ ಗುಜರಿ ಸೇರಿತ್ತು. ಊರಿನಲ್ಲಿ ಆ ಕ್ಯಾಸೆಟ್ ತಿರುಗಿಸಬಲ್ಲ ಯಂತ್ರ ನನಗೆ ತಿಳಿದಂತೆ ನಮ್ಮ ಓಮ್ನಿಯದೊಂದೇ. ಇಂಟರ್ನೆಟ್ಟಿನಲ್ಲಿ ಕೋಟ್ಯಂತರ ಹಾಡುಗಳಿರಬಹುದು, ಇದೊಂದು ಅಲ್ಲಿಲ್ಲ.

ಹಾಗಾದರೆ ಸ್ಟೀರಿಯೋವನ್ನು ಉಳಿಸಿಕೊಂಡೇ ಬ್ಲೂಟೂತ್ ಸೇರಿಸುವ ಬಗೆಗಳೇನು? ಮೊದಲನೆಯದು ಕ್ಯಾಸೆಟ್ ಆಕಾರದ ಅಡಾಪ್ಟರ್. ಅದರಲ್ಲಿ ಟೇಪು ಇರುವುದಿಲ್ಲ. ಬದಲಿಗೆ ಸ್ಟೀರಿಯೋದ ಹೆಡ್‌ಗೆ ಎದುರಾಗಿ ಒಂದು ಪುಟ್ಟ ಸುರುಳಿ ಇರುತ್ತದೆ. ಟೇಪಿನ ಮೇಲಿನ ಕಾಂತೀಯ ಏರಿಳಿತವನ್ನು ಓದಲೆಂದೇ ಹುಟ್ಟಿದ ಹೆಡ್‌ಗೆ ಈ ಸುರುಳಿ ಅದೇ ಏರಿಳಿತವನ್ನು ನೇರವಾಗಿ ಒದಗಿಸುತ್ತದೆ. ಪಾಪ, ಅದು ಟೇಪೆಂದೇ ತಿಳಿದು ಹಾಡುತ್ತದೆ. ಫಿಲಿಪ್ಸ್ ಸಂಸ್ಥೆ 1963ರಲ್ಲಿ ಕ್ಯಾಸೆಟ್ಟನ್ನು ಲೋಕಕ್ಕೆ ಪರಿಚಯಿಸಿದಾಗ ಯಾರೂ ಕನಸಿನಲ್ಲಿಯೂ ಎಣಿಸದಿದ್ದ ಉಪಯೋಗವಿದು. ಧ್ವನಿ ಚೆನ್ನಾಗಿಯೇ ಬರುತ್ತದೆ. ಆದರೆ ಬ್ಲೂಟೂತ್ ಇರುವ ಅಡಾಪ್ಟರನ್ನು ಆಗಾಗ ಹೊರತೆಗೆದು ಚಾರ್ಜ್ ಮಾಡಬೇಕು. ಕೆಲವು ಸ್ಟೀರಿಯೋಗಳು ಟೇಪ್ ಮುಗಿಯಿತೆಂದು ಭ್ರಮಿಸಿ ಮಗ್ಗುಲು ಬದಲಿಸುತ್ತಲೇ ಇರುತ್ತವೆ. ಎರಡನೆಯದು, ಸ್ಟೀರಿಯೋದಲ್ಲಿ ಆಕ್ಸ್ ಎಂಬ ಸಣ್ಣ ರಂಧ್ರವಿದ್ದರೆ ಅದಕ್ಕೆ ಬ್ಲೂಟೂತ್ ರಿಸೀವರ್ ಸಿಕ್ಕಿಸುವುದು. ಇದು ಎಲ್ಲಕ್ಕಿಂತ ಉತ್ತಮ. ನಿಮ್ಮ ಸ್ಟೀರಿಯೋದಲ್ಲಿ ಆ ರಂಧ್ರವಿದ್ದರೆ ಬೇರೇನನ್ನೂ ಯೋಚಿಸಬೇಡಿ. ರಿಸೀವರನ್ನು ಗಾಡಿಯ ಸಾಕೆಟ್ಟಿನಿಂದಲೇ ಚಾರ್ಜ್ ಮಾಡುತ್ತ ಹಾಡು ಕೇಳಿದಾಗ ಎಂಜಿನ್ ವೇಗಕ್ಕೆ ತಕ್ಕಂತೆ ಕುಯ್ಯೆನ್ನುವ ಸದ್ದು ಬಂದರೆ, ಅದನ್ನು ತಡೆಯುವ ಪುಟ್ಟ ಐಸೊಲೇಟರ್ ಒಂದನ್ನು ನಡುವೆ ಸೇರಿಸಿದರಾಯಿತು. ನಮ್ಮ ಓಮ್ನಿಯ ಸ್ಟೀರಿಯೋಗೆ ಆ ಭಾಗ್ಯವಿರಲಿಲ್ಲ.

ಉಳಿದದ್ದು ಎಫ್.ಎಂ. ಟ್ರಾನ್ಸ್‌ಮಿಟರ್. ಹನ್ನೆರಡು ವೋಲ್ಟಿನ ಸಾಕೆಟ್ಟಿಗೆ ಸಿಕ್ಕಿಸುವ ಹೆಬ್ಬೆರಳಿನಷ್ಟು ದಪ್ಪದ ಸಾಧನ. ಬೆಲೆ ಕೆಲವು ನೂರು ರೂಪಾಯಿ. ಫೋನಿನಿಂದ ಬ್ಲೂಟೂತ್ ಮೂಲಕ ಹಾಡನ್ನು ಸ್ವೀಕರಿಸಿ, ಅತ್ಯಲ್ಪ ಶಕ್ತಿಯಲ್ಲಿ ಅದನ್ನು ಎಫ್.ಎಂ. ತರಂಗವಾಗಿ ಮರುಪ್ರಸಾರ ಮಾಡುತ್ತದೆ. ಒಂದು ಮೊಳ ದೂರದ ಸ್ಟೀರಿಯೋ ಅದನ್ನು ರೇಡಿಯೋ ಕೇಂದ್ರವೆಂದು ತಿಳಿದು ಹಾಡುತ್ತದೆ. 1935ರಲ್ಲಿ ಮೈಸೂರಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವೊಂದನ್ನು ಆರಂಭಿಸಿದರು. ಅದಕ್ಕಿಟ್ಟ 'ಆಕಾಶವಾಣಿ' ಎಂಬ ಹೆಸರು ಮುಂದೆ ಇಡೀ ದೇಶದ ಬಾನುಲಿಗೆ ಸಂದಿತು. ಮನೆಯಲ್ಲೊಂದು ಕೇಂದ್ರ ನಡೆಸಬಹುದಾದರೆ ಓಮ್ನಿಯಲ್ಲೊಂದು ಏಕೆ ಬೇಡ?

ಈ ಸಾಧನದ ಗುಟ್ಟೆಲ್ಲ ಖಾಲಿ ತರಂಗಾಂತರವನ್ನು ಹುಡುಕುವುದರಲ್ಲಿದೆ. ಮಂಗಳೂರಿನ ಆಕಾಶದಲ್ಲಿ 92.7, 93.5, 98.3ರಲ್ಲಿ ಖಾಸಗಿ ಕೇಂದ್ರಗಳಿವೆ, 100.3ರಲ್ಲಿ ಆಕಾಶವಾಣಿ, 107.8ರಲ್ಲಿ ಸಂತ ಅಲೋಶಿಯಸ್ ಸಂಸ್ಥೆಯ ಸಾರಂಗ್ ಸಮುದಾಯ ಬಾನುಲಿ. ಇವುಗಳ ಪಕ್ಕದಲ್ಲಿ ನಮ್ಮ ಪುಟ್ಟ ಕೇಂದ್ರವನ್ನು ನಿಲ್ಲಿಸಿದರೆ ಸಂತೆಯಲ್ಲಿ ಪಿಸುಗುಟ್ಟಿದಂತಾಗುತ್ತದೆ. ಎರಡೂ ಬದಿಯಲ್ಲಿ ಯಾರೂ ಇಲ್ಲದ ಜಾಗ ಬೇಕು. ಅಲ್ಲದೆ ಫೋನಿನ ಧ್ವನಿಯನ್ನು ಮುಕ್ಕಾಲಿಗಿಂತ ಮೇಲೇರಿಸಿ, ಸ್ಟೀರಿಯೋದ ಧ್ವನಿಯನ್ನು ತಗ್ಗಿಸಿಡಿ. ತಿರುಗುಮುರುಗಾಗಿ ಇಟ್ಟರೆ ಹಾಡಿನೊಂದಿಗೆ ಗೊರಗೊರ ಸದ್ದೂ ದೊಡ್ಡದಾಗುತ್ತದೆ. ಗಾಡಿಯ ಆಂಟೆನಾವನ್ನು ಕೆಳಗಿಳಿಸಿದರೆ ದೂರದ ಕೇಂದ್ರಗಳ ಅಬ್ಬರ ಕಡಿಮೆಯಾಗುತ್ತದೆ ಎಂಬುದನ್ನೂ ಅನುಭವದಿಂದ ಹೇಳುತ್ತಿದ್ದೇನೆ.

ಇಲ್ಲೊಂದು ವಿನೋದವಿದೆ. ನಗರದಲ್ಲಿ ಇಂಟರ್ನೆಟ್ ಸೊಗಸಾಗಿ ಹರಿಯುತ್ತದೆ, ಆದರೆ ಎಫ್.ಎಂ. ಪಟ್ಟಿಯಲ್ಲಿ ಕಾಲಿಡಲು ಸ್ಥಳವಿಲ್ಲ. ಘಾಟಿಯಲ್ಲಿ ಎಫ್.ಎಂ. ಪಟ್ಟಿ ಬಹುಮಟ್ಟಿಗೆ ಖಾಲಿ, ಧ್ವನಿ ಸ್ಫಟಿಕದಂತೆ. ಆದರೆ ನಾಲ್ಕು ತಿರುವು ಇಳಿಯುವುದರೊಳಗೆ ನೆಟ್‌ವರ್ಕ್ ಮಾಯವಾಗಿ ಹಾಡು ಅರ್ಧಕ್ಕೆ ನಿಲ್ಲುತ್ತದೆ. ಇದಕ್ಕೆ ಪರಿಹಾರ ಸುಲಭ. ಹಿಂದಿನ ರಾತ್ರಿಯೇ ಬೇಕಾದ ಹಾಡುಗಳನ್ನು ಫೋನಿಗೆ ಇಳಿಸಿಟ್ಟುಕೊಳ್ಳುವುದು. ಈ ಕೆಲಸ ಮೊಮ್ಮಗಳ ಪಾಲಿಗೆ ಬಂತು. ಇಳಿಸಬೇಕಾದರೆ ಅಜ್ಜಿಗೆ ಯಾವ ಹಾಡು ಬೇಕೆಂದು ಕೇಳಬೇಕಲ್ಲ? ಕೇಳಿದಳು. ಎಸ್. ಜಾನಕಿಯವರ ಹಾಡುಗಳಿಂದ ಪಟ್ಟಿ ಆರಂಭವಾಯಿತಂತೆ. ರಾತ್ರಿ ಹತ್ತಾದರೂ ಮುಗಿಯಲಿಲ್ಲವೆಂದು ಅವಳ ತಾಯಿ ನನಗೆ ಹೇಳಿದರು.

ಧ್ವನಿಯ ಗುಣಮಟ್ಟದ ಬಗ್ಗೆ ಅಂಗಡಿಯವರು ಬಹಳ ಹೇಳುತ್ತಾರೆ. ಓಮ್ನಿಯ ಎಂಜಿನ್ ಇರುವುದು ಮುಂದಿನ ಆಸನಗಳ ಕೆಳಗೆ. ಅದರ ಮೇಲೆ ಕುಳಿತು ಹಾಡು ಕೇಳುವವನಿಗೆ ಅತ್ಯುತ್ತಮಕ್ಕೂ ಉತ್ತಮಕ್ಕೂ ವ್ಯತ್ಯಾಸ ತಿಳಿಯುವುದು ಘಾಟಿ ಇಳಿಯುವಾಗ ಮಾತ್ರ, ಅದೂ ಗಾಡಿ ನ್ಯೂಟ್ರಲ್‌ನಲ್ಲಿದ್ದರೆ. ಹಾಗೆ ಇಳಿಸುವುದು ಅಪಾಯ. ಆದ್ದರಿಂದ ಹಣ ಉಳಿಸಿ.

ಬ್ಲೂಟೂತ್ ಎಂಬ ಹೆಸರಿನ ಕಥೆಯನ್ನು ನಿಮ್ಮ ಮಕ್ಕಳಿಗೆ ಹೇಳಬಹುದು. ಹತ್ತನೆಯ ಶತಮಾನದಲ್ಲಿ ಡೆನ್ಮಾರ್ಕನ್ನು ಆಳಿದ ಹೆರಾಲ್ಡ್ ಎಂಬ ಅರಸನಿಗೆ 'ನೀಲಿಹಲ್ಲು' ಎಂಬ ಅಡ್ಡಹೆಸರಿತ್ತು. ಡೆನ್ಮಾರ್ಕನ್ನೂ ನಾರ್ವೆಯನ್ನೂ ಗೆದ್ದು, ಡೇನರನ್ನು ಕ್ರೈಸ್ತರನ್ನಾಗಿಸಿದವನು ತಾನೆಂದು ಯೆಲ್ಲಿಂಗ್ ಎಂಬಲ್ಲಿ ಅವನು ನೆಡಿಸಿದ ಶಿಲಾಶಾಸನ ಇಂದಿಗೂ ಸಾರುತ್ತದೆ. ಸ್ವೀಡನ್ನಿನ ಎರಿಕ್ಸನ್ ಸಂಸ್ಥೆಯಲ್ಲಿ 1994ರಲ್ಲಿ ಮೊಳೆತ ತಂತಿರಹಿತ ತಂತ್ರಕ್ಕೆ, ಬೇರೆ ಬೇರೆ ಸಂಸ್ಥೆಗಳ ಯಂತ್ರಗಳನ್ನು ಒಂದುಗೂಡಿಸುವುದೆಂಬ ಅರ್ಥದಲ್ಲಿ, ಇಂಟೆಲ್ ಸಂಸ್ಥೆಯ ಜಿಮ್ ಕಾರ್ಡಾಕ್ 1997ರಲ್ಲಿ ತಾತ್ಕಾಲಿಕವಾಗಿ ಈ ಹೆಸರನ್ನು ಸೂಚಿಸಿದರು. ತಾತ್ಕಾಲಿಕವಾದದ್ದೇ ಶಾಶ್ವತವಾಯಿತು. ನಿಮ್ಮ ಫೋನಿನಲ್ಲಿರುವ ಬ್ಲೂಟೂತ್ ಚಿಹ್ನೆ ಆ ಅರಸನ ಹೆಸರಿನ ಎರಡು ಮೊದಲಕ್ಷರಗಳನ್ನು ಪ್ರಾಚೀನ ರೂನ್ ಲಿಪಿಯಲ್ಲಿ ಬೆಸೆದದ್ದು.

ಇನ್ನೊಂದು ಎಚ್ಚರಿಕೆ, ನನ್ನಂಥವರಿಗೆ ಇದು ಅತಿ ಮುಖ್ಯವಾದದ್ದು. ಬ್ಲೂಟೂತ್ ಕೂಡಿಸಿದ ಮೇಲೆ ಹಾಡು ಮಾತ್ರವಲ್ಲ, ಫೋನಿಗೆ ಬರುವ ಕರೆಯೂ ಗಾಡಿಯ ಸ್ಪೀಕರಿನಲ್ಲಿ ಮೊಳಗುತ್ತದೆ. ಗುರುಗಳಿಗೆ ಕರೆ ಮಾಡುವವರು ನಮಸ್ಕಾರ ಹೇಳುವ ಮೊದಲೇ ಅಳಲಾರಂಭಿಸುವುದುಂಟು. ಅವರ ಮನೆಯ ದುಃಖ ಹಿಂದಿನ ಆಸನದಲ್ಲಿರುವವರ ಕಿವಿಗೆ ಬೀಳಬಾರದು. ವೈದ್ಯರಿಗೂ ವಕೀಲರಿಗೂ ಈ ಮಾತು ಸಲ್ಲುತ್ತದೆ. ಸಾಮಾನ್ಯವಾಗಿ ಆಂಡ್ರಾಯ್ಡ್ ಫೋನಿನ ಬ್ಲೂಟೂತ್ ಸೆಟ್ಟಿಂಗ್ಸ್‌ನಲ್ಲಿ ಆ ಸಾಧನದ ಹೆಸರನ್ನು ತೆರೆದರೆ ಕರೆಗೊಂದು, ಹಾಡಿಗೊಂದು ಪ್ರತ್ಯೇಕ ಗುಂಡಿ ಕಾಣುತ್ತದೆ. ಕರೆಯದನ್ನು ಆರಿಸಿಡಿ. ನಾನು ಸಾಧನ ಕೊಂಡ ದಿನ ಮಾಡಿದ ಮೊದಲ ಕೆಲಸ ಅದು. ಚಾಲಕನು ಫೋನನ್ನು ಕೈಯಲ್ಲಿ ಹಿಡಿಯುವುದು ಮೋಟಾರು ವಾಹನ ಕಾಯಿದೆಯ 2019ರ ತಿದ್ದುಪಡಿಯಂತೆ ಅಪಾಯಕಾರಿ ಚಾಲನೆಯೆನಿಸಬಹುದು. ಹಾಡು ಬದಲಿಸುವ ಅಧಿಕಾರ ಪಕ್ಕದವರದೇ ಆಗಿರಲಿ.

ಆ 1994ರ ಕ್ಯಾಸೆಟ್ಟಿನ ವಿಷಯಕ್ಕೆ ಬರೋಣ. ಅದನ್ನು ಆಗಲೇ ಓಮ್ನಿಯೊಳಗೆ ತೂರಿಸಲಿಲ್ಲ. ಮಲೆನಾಡಿನ ತೇವಕ್ಕೆ ಟೇಪಿನ ಮೇಲೆ ಬಿಳಿಯ ಬೂಷ್ಟು ಬೆಳೆಯುತ್ತದೆ. ಹಾಗಿದ್ದರೆ ಟೇಪೂ ಕೆಡುತ್ತದೆ, ಹೆಡ್ಡೂ ಕೊಳೆಯಾಗುತ್ತದೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆವು, ಸ್ವಚ್ಛವಾಗಿತ್ತು. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಸ್ಟೀರಿಯೋದ ಹೆಡ್ಡನ್ನು ಒರೆಸಿ, ಟೇಪನ್ನು ಕೊನೆಯವರೆಗೆ ಓಡಿಸಿ ಹಿಂದಕ್ಕೆ ತಂದು, ಆಮೇಲೆ ಹಾಕಿದೆವು. ಎಂಜಿನ್ ಆರಿಸಿದ ಓಮ್ನಿಯಲ್ಲಿ, ಗುರುನಿವಾಸದ ಮುಂದೆ, ಮೊಮ್ಮಗಳು ಸ್ಪೀಕರಿನ ಬಳಿ ಫೋನನ್ನು ಇಟ್ಟು ಎರಡೂ ಮಗ್ಗುಲನ್ನು ಮುದ್ರಿಸಿಕೊಂಡಳು. ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಅರವತ್ತು ನಿಮಿಷವೇ ಬೇಕು, ಅವಸರ ಮಾಡಲು ಬಾರದು. ತಂತಿಯ ಮೂಲಕ ಕಂಪ್ಯೂಟರಿಗೆ ಇಳಿಸಿದ್ದರೆ ಇನ್ನೂ ಶುದ್ಧವಾಗಿರುತ್ತಿತ್ತು. ಆದರೆ ಅದಕ್ಕೆ ಬೇಕಾದ ಟೇಪ್ ರೆಕಾರ್ಡರ್ ಎಲ್ಲಿ? ದೂರದಲ್ಲಿ ಕೂಗಿದ ಕೋಳಿಯೊಂದು ಈಗ ಆ ಮುದ್ರಣದ ಭಾಗವಾಗಿದೆ.

ಮುಂದಿನ ಪ್ರಯಾಣದಲ್ಲಿ ಘಾಟಿಯ ಮೂರನೆಯ ತಿರುವಿಗೆ ನೆಟ್‌ವರ್ಕ್ ಹೋಯಿತು. ಫೋನಿಗೆ ಇಳಿದಿದ್ದ ಆ ಹಾಡು ನಮ್ಮ ಪುಟ್ಟ ಆಕಾಶವಾಣಿಯಿಂದ ನಿರಾತಂಕವಾಗಿ ಪ್ರಸಾರವಾಗುತ್ತಿತ್ತು. ಎರಡನೆಯ ಚರಣಕ್ಕೆ ಮುನ್ನ ಯಾರೋ ಕೆಮ್ಮಿದರು. ಅಜ್ಜಿ ಕಿಟಕಿಯಿಂದ ಮುಖ ತಿರುಗಿಸಿ, "ಕೇಳಿದೆಯಾ? ಅದು ನಿನ್ನಜ್ಜ. ಹಾಡುವ ಮುಂಚೆ ಯಾವಾಗಲೂ ಹಾಗೇ ಒಂದು ಸಲ ಕೆಮ್ಮುತ್ತಿದ್ದರು" ಎಂದರು.

ಹುಡುಗಿ ಫೋನಿನ ಮೇಲೆ ಬೆರಳಾಡಿಸಿ ಹಾಡನ್ನು ಹತ್ತು ಸೆಕೆಂಡು ಹಿಂದಕ್ಕೆ ತಂದಳು. ಕೆಮ್ಮು ಮತ್ತೆ ಕೇಳಿಸಿತು. ಇನ್ನೊಮ್ಮೆ ತಂದಳು. ನಾಲ್ಕನೆಯ ಸಲಕ್ಕೆ ಅಜ್ಜಿ, "ಸಾಕು ಮಗಾ, ಅವರಿಗೆ ಹಾಡಲು ಬಿಡು" ಎಂದರು.