ಕಡಲಿಲ್ಲದ ಊರಿನ ಕೊಳವೆ

ಸಂಜೆಯ ಹೊತ್ತು ಹಲಸೂರು ಕೆರೆಯ ದಂಡೆಯಲ್ಲಿ ಕುಳಿತು ಕಡಲೆಕಾಯಿ ಸುಲಿಯುವುದು ನನ್ನ ಹಳೆಯ ಚಾಳಿ. ಒಮ್ಮೊಮ್ಮೆ ಸೇನೆಯ ಇಂಜಿನಿಯರ್ ದಳವಾದ ಮದರಾಸು ಸ್ಯಾಪರ್ ಪಡೆಯ ತರುಣರು ದೋಣಿಗಳನ್ನು ನೀರಿಗೆ ನೂಕಿ, ಒಂದೇ ಲಯದಲ್ಲಿ ಹುಟ್ಟು ಹಾಕುತ್ತ, ಕ್ಷಣಮಾತ್ರದಲ್ಲಿ ದ್ವೀಪದ ಮರೆಗೆ ಸರಿದುಬಿಡುವರು. ಬೆಂಗಳೂರಿನ ದಂಡು ಪ್ರದೇಶ 1809ರಲ್ಲಿ ಸ್ಥಾಪನೆಯಾಯಿತು. 1834ರಲ್ಲಿ ಈ ಪಡೆ ಇಲ್ಲಿ ನೆಲೆಗೊಂಡಿತು. ಅಂದಿನಿಂದ, ಸಮುದ್ರದಿಂದ ಇಷ್ಟು ದೂರವಿರುವ ನಮ್ಮೂರಿನಲ್ಲಿ ನದಿಯನ್ನೂ ಹೊಳೆಯನ್ನೂ ದಾಟುವ ವಿದ್ಯೆಯ ಅಭ್ಯಾಸ ನಡೆದೇ ಇದೆ.

ಈ ಪಡೆಯ ಕ್ಯಾಪ್ಟನ್ ಮೆಕ್ಲಿಂಟಾಕ್ 1912ರಲ್ಲಿ ಇಲ್ಲಿಯೇ ರೂಪಿಸಿದ ಸಿಡಿಮದ್ದಿನ ಕೊಳವೆಗೆ 'ಬೆಂಗಳೂರು ಟಾರ್ಪೆಡೊ' ಎಂದು ಹೆಸರು. ಹೆಸರು ಕೇಳಿದವರು ಅದನ್ನು ಜಲಾಸ್ತ್ರವೆಂದೇ ಭಾವಿಸುವರು. ವಾಸ್ತವವಾಗಿ ಅದು ತುಂಡು ತುಂಡಾಗಿ ಹೊತ್ತೊಯ್ದು, ಒಂದಕ್ಕೊಂದು ಜೋಡಿಸಿ, ನೆಲಕ್ಕೆ ಮೈಯೊತ್ತಿ ಮಲಗಿ ಶತ್ರುವಿನ ಮುಳ್ಳುತಂತಿಯ ಅಡಿಗೆ ತಳ್ಳಿ ಸಿಡಿಸುವ ಸಾಧನ. ಮೂವತ್ತೆರಡು ವರ್ಷಗಳ ತರುವಾಯ, ಎರಡನೆಯ ಮಹಾಯುದ್ಧದಲ್ಲಿ, ಇಂಗ್ಲೆಂಡಿನ ಡೆವನ್ ಪ್ರಾಂತದ ಹಳ್ಳಿಗರನ್ನು ಮನೆಮಠಗಳಿಂದ ತೆರವುಗೊಳಿಸಿ ಸ್ಲ್ಯಾಪ್ಟನ್ ಎಂಬ ನುರುಜುಗಲ್ಲಿನ ತೀರದಲ್ಲಿ ಅಮೆರಿಕದ ಯೋಧರಿಗೆ ಶಿಕ್ಷಣವಿತ್ತು, 1944ರ ಜೂನ್ 6ರಂದು ಇಂಗ್ಲಿಷ್ ಕಾಲುವೆಯಾಚೆಯ ನಾರ್ಮಂಡಿಯಲ್ಲಿ ಇಳಿಸಿದಾಗ, ಒಮಾಹಾ ತೀರದ ತಂತಿಬೇಲಿಯಲ್ಲಿ ದಾರಿ ಬಿಡಿಸಿದುದು ಈ ಕೊಳವೆಯೇ. ಬೆಂಗಳೂರನ್ನು ಕಣ್ಣಿನಿಂದ ಕಾಣದ ಹುಡುಗರು ಸಾವಿನ ಮುಂದೆ ನಮ್ಮೂರಿನ ಹೆಸರನ್ನು ಉಚ್ಚರಿಸಿದರು. ಅದೇ ವರ್ಷ ಫೆಬ್ರವರಿಯಲ್ಲಿ, ಇಟಲಿಯ ರಣಭೂಮಿಯಲ್ಲಿ ಈ ಪಡೆಯ ಸುಬೇದಾರ್ ಸುಬ್ರಮಣ್ಯನ್ ಸಿಡಿಯಲಿದ್ದ ನೆಲಬಾಂಬಿನ ಮೇಲೆ ತಾವೇ ಬಿದ್ದು ಸಂಗಡಿಗರನ್ನು ಉಳಿಸಿದರು. ಜಾರ್ಜ್ ಕ್ರಾಸ್ ಶೌರ್ಯಪದಕ ಅವರಿಗೆ ಮರಣಾನಂತರ ಸಂದಿತು.

ಮೊನ್ನೆ ಒಬ್ಬ ತರುಣ ಅಭ್ಯಾಸ ಮುಗಿಸಿ ನನ್ನ ಪಕ್ಕದ ಕಲ್ಲಿನ ಮೇಲೆ ಕುಳಿತು, ಬೂಟು ಕಳಚಿ, ಒದ್ದೆಯಾದ ಕಾಲುಚೀಲವನ್ನು ಹಿಂಡುತ್ತಿದ್ದ. ಪೊಟ್ಟಣವನ್ನು ಅವನತ್ತ ಚಾಚಿ, "ಕಡಲು ನೋಡಿದ್ದೀಯಾ, ತಂಬಿ?" ಎಂದೆ. ಆ ಪಡೆಯವರನ್ನು ಹಾಗೆ ಕರೆಯುವುದು ವಾಡಿಕೆ.

"ಇನ್ನೂ ಇಲ್ಲ ಸಾರ್. ಈ ಕೆರೆಯೇ ನಮಗೆ ಕಡಲು," ಎಂದು ಒಂದು ಹಿಡಿ ಕಡಲೆಕಾಯಿ ತೆಗೆದುಕೊಂಡ. ಸೀಟಿ ಕೇಳಿಸಿತು. ಹಿಂಡಿದ ಕಾಲುಚೀಲವನ್ನೇ ತೊಟ್ಟು ಎದ್ದು ಓಡಿದ. ಕಡಲೆಕಾಯಿ ಅವನ ಜೇಬಿನಲ್ಲೇ ಉಳಿಯಿತು.