ಸಂಗಮದಲ್ಲೊಂದು ಸಂಜೆ

ಭಾನುವಾರ ಮಕ್ಕಳೊಡನೆ ಪುಣೆಯ ಮುಳಾ–ಮುಠಾ ಸಂಗಮಕ್ಕೆ ಹೋಗಿದ್ದೆವು. ಶೃಂಗೇರಿಯ ತುಂಗೆಯಲ್ಲಿ ಮಂಡಕ್ಕಿಗೆ ಮುಗಿಬೀಳುವ ಮಹಶೀರ್ ಮೀನುಗಳನ್ನು ಕಂಡಿದ್ದ ಮಕ್ಕಳು ಇಲ್ಲಿಯೂ ಮಂಡಕ್ಕಿ ಎರಚಿದರು. ಒಂದೂ ಮೇಲೆ ಬರಲಿಲ್ಲ. ಆ ಕುಲದ ಮೀನೊಂದನ್ನು 1839ರಲ್ಲಿ ಕರ್ನಲ್ ಸೈಕ್ಸ್ ಶಾಸ್ತ್ರಕ್ಕೆ ಪರಿಚಯಿಸಿದ್ದು ಇದೇ ನದಿಯಿಂದ!

ಹರಿವಿಗೊಂದು ಮೀನು, ಮಡುವಿಗೊಂದು, ಕಲ್ಲಿನ ಸಂದಿಗೊಂದು. ನೆಲೆಗಳು ಹಲವಾದರೆ ಜಾತಿಗಳೂ ಹಲವು. ಖಡಕವಾಸಲೆಯಂಥ ಅಣೆಕಟ್ಟು ಹರಿವನ್ನು ತಡೆಯಿತು. ಊರಿನ ಕೊಳೆ ನೀರೊಳಗಿನ ಪ್ರಾಣವಾಯುವನ್ನು ಕುಡಿಯಿತು. ಇಂಥಲ್ಲಿ ನಾಜೂಕಿನ ಮೀನುಗಳು ತೊಲಗಿ, ಆಫ್ರಿಕದಿಂದ ಬಂದ ತಿಲಾಪಿಯದಂಥ ಗಟ್ಟಿಜೀವಗಳು ಹೆಚ್ಚುತ್ತವೆ.

ಈ ನೀರು ಭೀಮೆಯನ್ನು ಸೇರಿ ಕಲಬುರಗಿಯ ಸೀಮೆಗೆ ಇಳಿಯುತ್ತದೆ. ನಾವಿಲ್ಲಿ ಚೆಲ್ಲಿದ ಕೊಳೆ ಹರಿಯುವುದು ತವರಿನ ಕಡೆಗೇ. ಮಂಡಕ್ಕಿಯ ಖಾಲಿ ಪೊಟ್ಟಣವನ್ನು ಮಡಿಸಿ, ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದೆವು.